ಬಾಲಚುಕ್ಕೆಯ ಪ್ರಿಂಟು

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಗಜೇಂದ್ರಗಡದ ನಮ್ಮ ಓಣಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಸುಳ್ಳಲ್ಲ. ಫೋಟೊ ಸ್ಟುಡಿಯೊ ಇಟ್ಟವನಿಗೆ ತಾಳ್ಮೆ ಬೇಕು. ನನಗೆ ಅದು ಕ್ಯಾಮೆರಾ ಕೈಯಲ್ಲಿರುವಷ್ಟು ಹೊತ್ತು ಮಾತ್ರ ಇರುತ್ತದೆ, ಕೆಳಗಿಟ್ಟ ಕೂಡಲೇ ಹೋಗಿಬಿಡುತ್ತದೆ. ಆ ಸಿಟ್ಟನ್ನು ಅನುಭವಿಸುವವಳು ನನ್ನ ಹೆಂಡತಿ. ನಾನು ತೆಗೆದ ಫೋಟೊಗಳನ್ನು ಕಂಪ್ಯೂಟರಿನಲ್ಲಿ ತಿದ್ದಿ ಆಲ್ಬಮ್ ಮಾಡುವವಳು ಅವಳೇ.

ಒಮ್ಮೆ ರೋಣದ ಒಂದು ಮದುವೆಯ ಆಲ್ಬಮಿನಲ್ಲಿ ಮದುಮಗಳ ಗಲ್ಲದ ಪಕ್ಕ ಒಂದು ಬಿಳಿ ಚುಕ್ಕೆ ಉಳಿದುಬಿಟ್ಟಿತ್ತು. ಕ್ಯಾಮೆರಾದೊಳಗಿನ ಧೂಳಿನದು. ಗಿರಾಕಿಗಳು ಏನೂ ಅನ್ನಲಿಲ್ಲ. ನಾನು ಮಾತ್ರ ಅಂಗಡಿಯಲ್ಲಿ ನಾಲ್ಕು ಜನರ ಎದುರಿಗೆ, "ಕಣ್ಣು ಅಡಗಿ ಮನ್ಯಾಗ ಇಟ್ಟು ಬಂದೀಯೇನು?" ಎಂದು ಅವಳನ್ನು ತರಾಟೆಗೆ ತೆಗೆದುಕೊಂಡೆ. ಆಮೇಲೆ ನಮ್ಮ ಸ್ಟುಡಿಯೊದಿಂದ ಹೊರಬಿದ್ದ ಯಾವ ಫೋಟೊದಲ್ಲೂ ಒಂದು ಚುಕ್ಕೆ, ಒಂದು ಗೆರೆ ಉಳಿದಿಲ್ಲ.

ಸ್ಟುಡಿಯೊ ಶುರು ಮಾಡಿದವನು ಅಪ್ಪ. ಆಗ ರೀಲಿನ ಕಾಲ. ಈಗ ಅಪ್ಪನ ಕಣ್ಣಿನ ನರ ಒಣಗುತ್ತ ಬಂದಿತ್ತು. ಇನ್ನು ಕೆಲವೇ ತಿಂಗಳು ಕಣ್ಣು ಕಂಡೀತು ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ್ದರು. ಒಳ್ಳೆಯ ಬೆಳಕಿದ್ದರೆ ನಡುವೆ ಒಂದು ಬಳೆಯಷ್ಟು ಅಗಲ ಕಾಣುತ್ತಿತ್ತು, ಅಷ್ಟೆ. ಆಕಾಶವಂತೂ ಅವನ ಪಾಲಿಗೆ ಮುಗಿದೇಹೋಗಿತ್ತು.

ಧೂಮಕೇತು ಬಂದಿದೆ ಎಂದು ರೇಡಿಯೊದಲ್ಲಿ ಕೇಳಿದ ದಿನದಿಂದ ಅಪ್ಪ ನನ್ನ ಬೆನ್ನು ಬಿದ್ದ.

"ತಮ್ಮಾ, ಹಿಂದೊಮ್ಮೆ ಇದ ನಮ್ಮೂರ ಗುಡ್ಡದ ಮ್ಯಾಲಿಂದ ಒಂದು ಬಾಲಚುಕ್ಕಿ ನೋಡಿದ್ದೆ. ರೀಲಿನ್ಯಾಗ ಇನ್ನ ಮೂರ ಫೋಟೊ ತಗಿಯೂವಷ್ಟ ಉಳಿದಿತ್ತು, ಮರುದಿನದ ಮದಿವಿಗೆ ಬೇಕಾಗಿತ್ತು. ತಗೀಲಾರದ ಬಂದೆ. ಈ ಸಲ ನೀ ತಗಿ, ದೊಡ್ಡ ಪ್ರಿಂಟ್ ಹಾಕು. ಕಣ್ಣು ಹೋಗೂದ್ರಾಗ ಒಮ್ಮೆ ನೋಡ್ತೀನಿ."

ಅದು ಹ್ಯಾಗಿರುತ್ತದೆ ಎಂದೂ ಹೇಳಿದ. "ಅದರ ಮಾರಿ ಯಾವಾಗ್ಲೂ ಸೂರ್ಯಾನ ಕಡಿ. ಹೊತ್ತು ಮುಳುಗಿದ ಮ್ಯಾಲ ನೋಡಿದ್ರ ಬಾಲ ಮ್ಯಾಲ ನಿಂತಿರ್ತೈತಿ."

ಆ ದಿನ ಮಧ್ಯಾಹ್ನ ನರೇಗಲ್ಲಿನಲ್ಲಿ ಒಂದು ನಿಶ್ಚಯ ಕಾರ್ಯವಿತ್ತು. ಅದನ್ನು ಮುಗಿಸಿಕೊಂಡು ಸಂಜೆ ನೆಟ್ಟಗೆ ಗುಡ್ಡ ಹತ್ತಿದೆ. ಬಂಡೆಗಳು ಇನ್ನೂ ಬಿಸಿಯಾಗಿದ್ದವು. ಎಲ್ಲಿ ನಿಂತರೂ ಗಾಳಿಯಂತ್ರಗಳ ಕೆಂಪು ದೀಪ ಅಡ್ಡ ಬರುತ್ತಿತ್ತು, ಬೈಯುತ್ತ ಬೈಯುತ್ತ ಜಾಗ ಬದಲಿಸಿದೆ. ಕಡೆಗೆ, ಪಡುವಣದ ಕೆಂಪು ಆರಿದ ಮೇಲೆ, ಎರಡು ದೊಡ್ಡ ಬಂಡೆಗಳ ನಡುವೆ ಅದು ಕಂಡಿತು. ಹೆಬ್ಬೆರಳಿನಷ್ಟು ಉದ್ದ, ಮಸುಕಾದ ಬಾಲ, ಅಪ್ಪ ಹೇಳಿದಂತೆ ಮೇಲಕ್ಕೆ ನಿಂತಿತ್ತು. ಆರು ಫೋಟೊ ತೆಗೆದೆ.

ಮನೆಗೆ ಬಂದವನು ಕ್ಯಾಮೆರಾದ ಮೆಮೊರಿ ಕಾರ್ಡನ್ನು ಹೆಂಡತಿಯ ಮುಂದೆ ಇಟ್ಟು, "ಇದರಾಗಿನವು ಎಲ್ಲಾ ಕ್ಲೀನ್ ಮಾಡಿಡು. ಮುಂಜಾನೆ ಕಾರ್ಡ್ ಖಾಲಿ ಬೇಕು, ನರಗುಂದದ ಮದಿವಿ ಐತಿ," ಎಂದು ಹೇಳಿ ಊಟಕ್ಕೆ ಕೂತೆ. ನಿಶ್ಚಯದ ಫೋಟೊಗಳ ಕೊನೆಗೆ ಧೂಮಕೇತು ಇದೆ ಎಂದು ಹೇಳಲಿಲ್ಲ. ಮರೆತೆ ಅನ್ನುವುದಕ್ಕಿಂತ, ಅವಳಿಗೆ ವಿವರಿಸಿ ಹೇಳುವ ರೂಢಿಯೇ ನನಗಿರಲಿಲ್ಲ.

ಮರುದಿನ ಬೆಳಿಗ್ಗೆ ಬೈಕ್ ಹತ್ತುವಾಗ ಹೇಳಿದೆ. "ಕಡೀಕ ಆರು ಫೋಟೊ ಬಾಲಚುಕ್ಕೀವು. ಬಂಡಿಗಲ್ಲಿನ ಮ್ಯಾಲ ಸಣ್ಣಗ ಬೆಳ್ಳಗ ಕಾಣತೈತಿ. ಚಲೋದೊಂದು ಆರಿಸಿ ದೊಡ್ಡ ಪ್ರಿಂಟ್ ಹಾಕು, ಅಪ್ಪ ಕಾಯಾಕತ್ತಾನ."

ಅವಳು ಚಹಾದ ಲೋಟ ಕೆಳಗಿಟ್ಟು ಕಂಪ್ಯೂಟರಿನ ಕಡೆ ತಿರುಗಿ ನೋಡಿದಳು. ಆಮೇಲೆ "ಹೂಂನ್ರಿ" ಅಂದಳು.

ಸಂಜೆ ನಾನು ಮರಳುವ ಹೊತ್ತಿಗೆ ಮೋಡ ಕವಿದು ಹನಿ ಶುರುವಾಗಿತ್ತು. ಅಪ್ಪ ಟ್ಯೂಬ್‌ಲೈಟಿನ ಕೆಳಗೆ ಕೂತು, ಹಿಂದೆ ನೆಗೆಟಿವ್ ನೋಡಲು ಬಳಸುತ್ತಿದ್ದ ಭೂತಗನ್ನಡಿಯನ್ನು ಪ್ರಿಂಟಿನ ಮೇಲೆ ಬೆರಳಗಲ ಬೆರಳಗಲ ಸರಿಸುತ್ತಿದ್ದ. "ಈ ಬಂಡಿಗಲ್ಲು ನನಗ ಗೊತ್ತು," ಅನ್ನುತ್ತಿದ್ದ. ಗಾಜು ಮೇಲೆ ಸರಿದು ಒಂದು ಕಡೆ ನಿಂತಿತು. ಭಾಳ ಹೊತ್ತು ನಿಂತಿತು. ನಾನು ಅವನ ಹೆಗಲ ಮೇಲಿಂದ ಬಗ್ಗಿ ನೋಡಿದೆ.

ನನ್ನ ಧೂಮಕೇತು ಅಲ್ಲಿರಲಿಲ್ಲ. ಬೇರೆ ಯಾವುದೋ ದೊಡ್ಡ, ಥಳಥಳ ಹೊಳೆಯುವ ಧೂಮಕೇತು ಇತ್ತು. ದೀಪಾವಳಿಯ ರಾಕೆಟ್ಟು ಏರುವ ಹಾಗೆ ಅದರ ತಲೆ ಮೇಲಿತ್ತು, ಬಾಲ ಕೆಳಗೆ ಬಂಡೆಯ ಕಡೆಗಿತ್ತು.

ಇಂಟರ್ನೆಟ್ಟಿನ ಯಾವುದೋ ಚಿತ್ರ ತಂದು ಅಂಟಿಸಿದ್ದಾಳೆ ಎಂದು ಒಂದೇ ಕ್ಷಣದಲ್ಲಿ ತಿಳಿಯಿತು. ನೆತ್ತಿಗೆ ಬೆಂಕಿ ಏರಿತು. ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಂಡುತ್ತ ನಿಂತಿದ್ದಳು. ನಾನು ಬಾಯಿ ತೆರೆದೆ. ಅಪ್ಪ ನನ್ನ ಕಡೆ ತಿರುಗದೆಯೇ ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದ.

"ಭಾಳ ಚಲೋ ಬಂದೈತಿ ನೋಡವಾ," ಎಂದು ಅವಳಿಗೆ ಹೇಳಿದ. "ಇನ್ನ ಕಣ್ಣು ಹೋದ್ರ ಹೋಗಲಿ. ನೋಡಿಬಿಟ್ಟೆ."

ಅವಳ ಮುಖಕ್ಕೆ ಜೀವ ಬಂತು. "ಚಹಾ ಇಡ್ತೀನ್ರಿ ಮಾವಾರ," ಎಂದು ಒಳಗೆ ಹೋದಳು. ನಾನು ಕಂಪ್ಯೂಟರಿನ ಮುಂದೆ ಕೂತೆ. ನನ್ನ ಆರೂ ಫೋಟೊಗಳಲ್ಲಿ ಬಂಡೆಗಳು ಚೆನ್ನಾಗಿ ಬಂದಿದ್ದವು. ಆಕಾಶ ಒರೆಸಿಟ್ಟಂತಿತ್ತು. ಕೊಳೆ ಎಂದು ತಿಳಿದು ಧೂಮಕೇತುವನ್ನು ತೆಗೆದಿದ್ದಳು. ಅದರ ಜೊತೆ ಆಗತಾನೆ ಮೂಡಿದ್ದ ನಕ್ಷತ್ರಗಳನ್ನೂ ಒಂದೊಂದಾಗಿ ತೆಗೆದಿದ್ದಳು. ಮೂಲ ಫೋಟೊ ಉಳಿದಿರಲಿಲ್ಲ, ಕಾರ್ಡ್ ನಾನೇ ಹೇಳಿದಂತೆ ಖಾಲಿಯಾಗಿತ್ತು.

ಮಳೆ ವಾರವಿಡೀ ಬಿಡಲಿಲ್ಲ. ಅದು ನಿಂತ ಮೇಲೆ ಮೂರು ಸಂಜೆ ಗುಡ್ಡ ಹತ್ತಿದೆ, ಧೂಮಕೇತು ಹೋಗಿಬಿಟ್ಟಿತ್ತು. ಕೊನೆಯ ಸಂಜೆ ಬರಿಗೈಯಲ್ಲಿ ಬಂದು ಅಪ್ಪನ ಹತ್ತಿರ ಕಟ್ಟೆಯ ಮೇಲೆ ಕೂತೆ.

"ಅಪ್ಪಾ, ಆ ಪ್ರಿಂಟಿನ್ಯಾಗ ಬಾಲ ಕೆಳಗಿತ್ತು."

"ನೋಡಿದ್ನೆಪಾ."

"ಮತ್ತ ಯಾಕ ಸುಮ್ಮನಾದಿ? ನಿನಗ ಅದೊಂದ ಆಸೆ ಇತ್ತು."

ಅಪ್ಪ ನನ್ನ ಕಡೆ ಮುಖ ತಿರುಗಿಸಿದ. ಆಮೇಲೆ ಮೆಲ್ಲಗೆ ಕೇಳಿದ. "ಅಕಿ ನಿನಗ ಅಷ್ಟ್ಯಾಕ ಅಂಜತಾಳ, ತಮ್ಮಾ?"

ಸಂಕ್ರಾಂತಿಯ ಹೊತ್ತಿಗೆ ಅಪ್ಪನ ಕಣ್ಣು ಪೂರ್ತಿ ಹೋಯಿತು. ಆ ಪ್ರಿಂಟಿನ ಬಗ್ಗೆ ನಾನು ಹೆಂಡತಿಗೆ ಒಂದು ಮಾತೂ ಆಡಿಲ್ಲ, ಅವಳೂ ಆಡಿಲ್ಲ. ದನಿ ಏರಿಸುವುದನ್ನಂತೂ ಬಿಟ್ಟಿದ್ದೇನೆ. ಆದರೆ ಈಗ ಫೋಟೊ ತಿದ್ದುವಾಗ ಸಾಸಿವೆಯಷ್ಟು ಚುಕ್ಕೆ ಕಂಡರೂ ಅವಳು ಕೆಲಸ ನಿಲ್ಲಿಸಿ ಕರೆಯುತ್ತಾಳೆ. "ಇದನ್ನ ತಗೀಲೇನ್ರಿ, ಇರಲೇನ್ರಿ?" ನಾನು ಹೋಗಿ ಚುಕ್ಕೆಯನ್ನು ನೋಡುತ್ತೇನೆ. ಅವಳು ನನ್ನ ಮುಖವನ್ನು ನೋಡುತ್ತಿರುತ್ತಾಳೆ.