ಕೆನ್ನೆಯ ಮೇಲೆ ಮನೆತನ ಬರೆಯುವ ಜಿಮೋ

ಬೆಳಗಿನ ಐದೂವರೆ. ಲಾಗೋಸಿಗೆ ಉತ್ತರದ ಇಸೇಯಿನ್ ಊರಾಚೆಯ ಚಿತ್ರೀಕರಣದ ಬಯಲಿನಲ್ಲಿ ಸೈನಿಕರ ವೇಷದ ನಲವತ್ತು ಮಂದಿ ಸಾಲಾಗಿ ಕೂತಿದ್ದಾರೆ. ಎದುರಿಗೆ ಗಿಡ್ಡ ಮಣೆಯ ಮೇಲೆ ಎಪ್ಪತ್ತೊಂದರ ಜಿಮೋ ಅಕಾನ್ಬಿ. ಎಡಗೈಯಲ್ಲಿ ಒಬ್ಬನ ಗದ್ದ ಹಿಡಿದು, ಬಲಗೈಯ ಕಡ್ಡಿಯಿಂದ ಕೆನ್ನೆಗೆ ಗೆರೆ ಎಳೆಯುತ್ತಾರೆ. ಅಂಟು, ಮಸಿ ಬೆರೆಸಿದ ಲೇಪ ಒಣಗಿದರೆ ಹಳೆಯ ಗಾಯದ ಕಲೆಯೇ. ಒಂದು ಮುಖಕ್ಕೆ ನಾಲ್ಕು ನಿಮಿಷ.

"ಬಾಬಾ, ಎಲ್ಲರಿಗೂ ಒಂದೇ ಥರ ಎಳೆದುಬಿಡಿ, ಬೇಗ ಮುಗಿಯತ್ತೆ," ಅನ್ನುತ್ತಾಳೆ ಬಣ್ಣದ ಪೆಟ್ಟಿಗೆ ಹಿಡಿದ ಮೇಕಪ್ಪಿನ ಬಿಸೋಲಾ.

"ನಲವತ್ತು ಜನಕ್ಕೂ ಒಬ್ಬನೇ ಅಪ್ಪನೇನೇ? ಅವನಿಗೆ ಯುದ್ಧಕ್ಕೆ ಹೋಗೋಕೆ ಪುರುಸೊತ್ತಾದ್ರೂ ಎಲ್ಲಿತ್ತು?"

ಸಾಲಿನಲ್ಲಿ ನಗು. ನಕ್ಕವನ ಗೆರೆ ಕೆಡುತ್ತದೆ. ಒರೆಸಿ ಮತ್ತೆ ಎಳೆಯುತ್ತಾರೆ.

ಜಿಮೋ ಮನೆತನದ ಕಸುಬು ನಿಜವಾದ ಕತ್ತಿಯದು. ಯಾವ ಮನೆಯ ಮಗುವೆಂದು ಕೆನ್ನೆಯೇ ಹೇಳುವಂತೆ, ಯುದ್ಧದಲ್ಲಿ ಕಳೆದುಹೋದವರೂ ಮನೆಯವರಿಗೆ ಗುರುತು ಸಿಗುವಂತೆ, ಅಜ್ಜ, ಅಪ್ಪ ಹಸುಗೂಸುಗಳಿಗೆ ಗೆರೆ ಕೊಯ್ಯುತ್ತಿದ್ದರು. ಈಗ ಕಾನೂನು ಅದನ್ನು ನಿಷೇಧಿಸಿದೆ. "ಸರಿಯಾದ ಕಾನೂನೇ. ಕೂಸು ಚೀರೋದನ್ನ ಹತ್ತಿರದಿಂದ ಕೇಳಿದೋನು ನಾನು. ನನ್ನ ಮೊಮ್ಮಕ್ಕಳ ಕೆನ್ನೆ ನಾನೂ ಮುಟ್ಟಲಿಲ್ಲ."

ಈಗಿನದು ಹೊಸ ಚಿತ್ರ. ಹೋದ ವರ್ಷ ತೆರೆಕಂಡ, ಹಳೆಯ ಒಯೋ ಸಾಮ್ರಾಜ್ಯದ ಪತನದ ಚಿತ್ರಕ್ಕೆ ಅವರು ಆರುನೂರಕ್ಕೂ ಹೆಚ್ಚು ಮುಖ ಬರೆದಿದ್ದಾರೆ. ಲಾಗೋಸಿನಲ್ಲಿ ಅದು ಏಳು ವಾರ ಓಡಿತು. ಪತ್ರಿಕೆಗಳು ಕುದುರೆಗಳನ್ನು, ಉಡುಪುಗಳನ್ನು ಹೊಗಳಿದವು. ಗೆರೆಗಳನ್ನು ಓದಿದ್ದು ಇಬಾದಾನಿನ ಒಬ್ಬ ಅಜ್ಜಿ. ಸೇನಾಪತಿಯ ಮುಖ ತೆರೆ ತುಂಬಿದಾಗ, "ಇವನು ನಮ್ಮ ತವರಿನವನು!" ಎಂದು ಕೂಗಿ ಚಿತ್ರಮಂದಿರದ ನಡುದಾರಿಯಲ್ಲೇ ಮೊಣಕಾಲೂರಿದರಂತೆ. "ಅಜ್ಜೀ, ಕೂತ್ಕೊಳ್ಳಿ, ಅವನಿನ್ನೂ ಸತ್ತಿಲ್ಲ," ಎಂದರಂತೆ ಹಿಂದಿನ ಸಾಲಿನವರು.

ಕೊನೆಗೆ ಓಡುವ ಹೆಸರುಗಳಲ್ಲಿ ಜಿಮೋ ಹೆಸರಿಲ್ಲ. "ಹೆಸರು ಬರೋ ಹೊತ್ತಿಗೆ ಜನ ಚಪ್ಪಲಿ ಹುಡುಕ್ತಿರ್ತಾರೆ," ಎಂದು ನಗುತ್ತಾರೆ. ಅವರ ಚಿಂತೆ ಬೇರೆ.

ಜಿಮೋ ಅವರ ತಮ್ಮ ಸುಫಿಯಾನು ೧೯೭೮ರಲ್ಲಿ ಕೆಲಸ ಹುಡುಕಿಕೊಂಡು ಪರದೇಶದ ಅಬಿಜಾನ್‌ಗೆ ಹೋದವನು. ೧೯೮೪ರ ನಂತರ ಕಾಗದವಿಲ್ಲ. ಅವನ ಎಡಗೆನ್ನೆಯ ನಾಲ್ಕನೇ ಗೆರೆ ಮೂಗಿನತ್ತ ಬಾಗಿತ್ತು. ಕೂಸು ಮಿಸುಕಿದಾಗ ಅಪ್ಪನ ಕತ್ತಿ ಜಾರಿದ್ದು. ಹೋದ ವರ್ಷದ ಆ ಚಿತ್ರದ ಒಬ್ಬ ಸಿಪಾಯಿಗೆ ಜಿಮೋ ಅದೇ ಕೆನ್ನೆಯನ್ನು, ಅದೇ ಬಾಗಿನೊಂದಿಗೆ ಬರೆದಿದ್ದಾರೆ. ಕಳೆದ ತಿಂಗಳಿನಿಂದ ಚಿತ್ರ ಅಬಿಜಾನ್‌ನಲ್ಲೂ ಓಡುತ್ತಿದೆ. ಇದುವರೆಗೆ ಯಾರೂ ವಿಚಾರಿಸಿಕೊಂಡು ಬಂದಿಲ್ಲ.

"ಅವನೇ ನೋಡಬೇಕು ಅಂತೇನಿಲ್ಲ. ಮಕ್ಕಳಿದ್ರೆ, ಅವರು ನೋಡಿದ್ರೂ ಆಯ್ತು. ನಮ್ಮಪ್ಪನ ಕೆನ್ನೆ ಇಲ್ಲಿಗೆ ಹೇಗೆ ಬಂತು ಅಂತ ಕೇಳೇ ಕೇಳ್ತಾರೆ."

ಆ ಸಿಪಾಯಿ ತೆರೆಯ ಮೇಲಿರುವುದು ಹನ್ನೊಂದು ಸೆಕೆಂಡು. ನದಿ ದಾಟುವಾಗ ಬಾಣ ತಗುಲಿ ದಡದಲ್ಲಿ ಬೀಳುತ್ತಾನೆ.

"ಆ ನಟನ ಕೈ ಹಿಡ್ಕೊಂಡು ಕೇಳಿದ್ದೆ," ಅನ್ನುತ್ತಾರೆ ಜಿಮೋ. "ಕವುಚಿ ಬೀಳಬೇಡಪ್ಪಾ, ಎಡಗೆನ್ನೆ ಮೇಲಾಗಿ ಬೀಳು ಅಂತ. ಪುಣ್ಯಾತ್ಮ, ಹಾಗೇ ಬಿದ್ದ."