ಶಾಂತಿ ಉಡಿಸಿದ ಸೀರೆ

ಕೇಳ್ರಪ್ಪ, ಇವತ್ತು ಗುಂಡ್ಲುಪೇಟೆಯ ಹಾಸ್ಯಸಂಜೆಯಲ್ಲಿ ಬೇಗೂರಿನ ಮಿಮಿಕ್ರಿ ನಾಗ ಹೆಣ್ಣುವೇಷಕ್ಕೆ ಸೀರೆಯಿಲ್ಲದೆ ಒದ್ದಾಡುತ್ತಿದ್ದ. ಗಂಡಾಗಿ ಹುಟ್ಟಿ ಹೆಣ್ಣಾಗಿ ಬದುಕುತ್ತಿರುವ ನಮ್ಮ ಬೀದಿಯ ಶಾಂತಿ ತನ್ನ ಒಳ್ಳೇ ಸೀರೆ ತಂದು, ತಾನೇ ನೆರಿಗೆ ಹಿಡಿದು ಉಡಿಸಿದಳು. ವೇದಿಕೆ ಹತ್ತಿದವನು ಅವಳ ನಡಿಗೆಯನ್ನೇ, ಅವಳ ದನಿಯನ್ನೇ ಅಣಕಿಸಿದ. ಮುಂದೆ ಟೇಪ್ ರೆಕಾರ್ಡರ್ ಹಿಡಿದು ಕೂತವರೂ ಬಿದ್ದು ಬಿದ್ದು ನಕ್ಕರು.

ಅವನು ಇಳಿದು ಬಂದಾಗ, "ಇದೇನ್ಲಾ ಹಾಸ್ಯ?" ಎಂದು ರೇಗಿದೆ.

"ತಮಾಸೆ ಕಣ್ಲಾ, ಬುಡು" ಅಂದ.

ಅಷ್ಟರಲ್ಲಿ ಸುತ್ತ ಸೇರಿದವರಲ್ಲಿ ಶಾಂತಿ ಗಂಡೋ ಹೆಣ್ಣೋ ಅಂತ ಅವಳೆದುರೇ ವಾದ ಹತ್ತಿಕೊಂಡಿತು. ನಾನೂ ಕೂಗಾಡಿದೆ. ಅವಳನ್ನು ಯಾರೂ ಕೇಳಲಿಲ್ಲ.

ಶಾಂತಿ ಸೀರೆ ಮಡಚುತ್ತಾ ನಾಗನಿಗೆ ಹೇಳಿದಳು: "ನೀನು ಬಿಚ್ಚಿ ಕೊಟ್ಬುಟ್ಟೆ ಕಣಣ್ಣ. ನಾನು ಇದ್ನೇ ಉಟ್ಕಂಡು ಇದೇ ಜನದ ಮಧ್ಯೆ ಸಂತೆಗೋಗ್ಬೇಕು."

ಕೊನೆಗೆ ವಂದನಾರ್ಪಣೆಯಲ್ಲಿ ಮೈಕಿನವನನ್ನೂ ನೆನೆದರು. ಸೀರೆ ಕೊಟ್ಟವಳನ್ನು ಮಾತ್ರ ಮರೆತರು.