ತೊಳೆದಿಟ್ಟ ಮೊಟ್ಟೆ

ಅವಳ ಎಡಗಣ್ಣು ಸದಾ ಅರ್ಧ ಮುಚ್ಚಿಯೇ ಇರುತ್ತಿತ್ತು. ಹುಟ್ಟಿನಿಂದ ಬಂದದ್ದಲ್ಲ, ವರ್ಷಗಟ್ಟಲೆ ಒಂದೊಂದೇ ಮೊಟ್ಟೆಯನ್ನು ಮುಷ್ಟಿಯ ತುದಿಗೆ ಸಿಕ್ಕಿಸಿ, ಬಿಸಿಲಿಗೆ ಹಿಡಿದು, ಬಲಗಣ್ಣಲ್ಲಿ ಇಣುಕಿ ನೋಡಿ ಆದ ಅಭ್ಯಾಸ. ಹೊಸನಗರದ ನಮ್ಮ ಬೀದಿಯಲ್ಲಿ ಎಲ್ಲರೂ ಅವಳನ್ನು ಮೊಟ್ಟೆಯಮ್ಮ ಎನ್ನುತ್ತಿದ್ದರು. ಭತ್ತದ ಹೊಟ್ಟು ತುಂಬಿದ ಬುಟ್ಟಿ ಹೊತ್ತು ವಾರಕ್ಕೊಮ್ಮೆ ನಗರವೆಂಬ ಪಕ್ಕದೂರಿನ ದಾರಿಯಿಂದ ಬರುವಳು. ಡಾಕ್ಟರ ಮನೆಗೆ, ಪ್ರವಾಸಿ ಬಂಗಲೆಗೆ ಅವಳದೇ ಮೊಟ್ಟೆ. ನಮ್ಮ ಮನೆ ಬಂದಾಗ ಮಾತ್ರ ರಸ್ತೆಯ ಆಚೆ ಬದಿಗೆ ಸರಿದು ಹೋಗುವಳು. ನಾವು ಮೊಟ್ಟೆ ಮುಟ್ಟುವ ಜನವಲ್ಲ.

ಮುಟ್ಟಬೇಕಾಗಿ ಬಂದದ್ದು ಮಗಳಿಗಾಗಿ. ಯುದ್ಧದ ಕಾಲ, ಕ್ವಿನೈನ್‌ಗೂ ಪರದಾಟ. ಐದು ವರ್ಷದ ಮಗು ಚಳಿಜ್ವರದಲ್ಲಿ ಎರಡು ತಿಂಗಳು ನರಳಿ ಎದ್ದಾಗ ಕೈಕಾಲು ಕಡ್ಡಿಯಾಗಿದ್ದವು. ದಿನಕ್ಕೊಂದು ಮೊಟ್ಟೆ ಕೊಡಿ, ಇಲ್ಲದಿದ್ದರೆ ಇನ್ನೊಂದು ಜ್ವರ ತಡೆಯಲಾರಳು ಎಂದರು ಡಾಕ್ಟರು. ಅತ್ತೆ ಆ ದಿನವಿಡೀ ದೇವರ ಮುಂದೆ ಕೂತರು. ಮರುದಿನ, “ಔಷಧಿ ಹೇಳಿ ಕೊಡು, ಅಡ್ಡಿಲ್ಲೆ. ಒಳಗೆ ಮಾತ್ರ ತರಡ, ಕೊಟ್ಟಿಗೆಲಿ ಇಡು” ಎಂದರು.

ಮೊಟ್ಟೆಯಮ್ಮ ಕೊಟ್ಟಿಗೆಯ ಬಾಗಿಲಲ್ಲಿ ಕೂತು ನನಗೆ ಪಾಠ ಮಾಡಿದಳು. ನಾಲ್ಕಕ್ಷರ ಓದಿದವಳೆಂಬ ಜಂಬ ನನಗೆ. ಆದರೂ ಬಾಯಿ ಬಿಟ್ಟುಕೊಂಡು ಕೇಳಿದೆ. ಬೋಗುಣಿಯ ನೀರಿಗೆ ಮೊಟ್ಟೆ ಬಿಟ್ಟು, “ಮಲಗ್ತಲ್ಲ, ಇದು ಹೊಸದು. ಎದ್ದು ನಿಂತ್ರೆ ಹಳೇದು. ತೇಲಿದ್ರೆ ತಂದು ನನ್ ಮುಖಕ್ಕೇ ಎಸೀರಿ” ಎಂದಳು. ಹಾಲಿಗೆ ಹಾಕುವ ಮೊದಲು ಬೇರೆ ತೆಂಗಿನ ಗೆರಟೆಗೆ ಒಡೆದು ನೋಡಬೇಕು, ಹಳದಿ ಗಟ್ಟಿಯಾಗುವ ತನಕ ಬೇಯಿಸಬೇಕು, ಮುಟ್ಟಿದ ಕೈಯನ್ನು ಸೀಗೆಪುಡಿ ಹಾಕಿ ತೊಳೆಯಬೇಕು.

“ಕೈ ತೊಳೀರಿ, ಮೊಟ್ಟೆ ತೊಳ್ದು ಇಡ್ಬೇಡಿ. ಚಿಪ್ಪಿನ ತುಂಬ ಕಣ್ಣಿಗೆ ಕಾಣದ ತೂತು ಇರ್ತವೆ ಅಮ್ಮಾ. ಕೋಳಿನೇ ಅದ್ಕೊಂದು ಪೊರೆ ಬಳಿದು ಕಳ್ಸಿರ್ತದೆ. ನೀವದನ್ನ ಉಜ್ಜಿ ತೆಗೆದ್ರೆ ಹೊಲಸು ಒಳಕ್ಕಿಳೀತದೆ.”

ಬಂದಾಗಲೆಲ್ಲ ಮಗಳಿಗೊಂದು ಮೊಟ್ಟೆಯನ್ನು ಬಿಸಿಲಿಗೆ ಹಿಡಿದು ತೋರಿಸುವಳು. “ಒಳಗೆ ಸೂರ್ಯ ಕೂತಿದಾನೆ ನೋಡು ಪುಟ್ಟಿ!” ಮಗಳು ಅವಳಂತೆಯೇ ಎಡಗಣ್ಣು ಮುಚ್ಚಿ ನೋಡುವಳು. ತಿಂಗಳೊಳಗೆ ಆ ಕೆನ್ನೆಗೆ ರಕ್ತ ಬಂತು.

ಅಷ್ಟರಲ್ಲಿ ಮಾವನ ತಿಥಿ ಬಂತು. ಹಿಕ್ಕೆ ಅಂಟಿದ ಮೊಟ್ಟೆ ಮಡಿಯ ಮನೆಯ ಬೆನ್ನಿಗೇ ಇದೆಯಲ್ಲ ಎಂದು ನನಗೆ ಒಳಗೊಳಗೇ ಕಸಿವಿಸಿ. ಯಾರೂ ಹೇಳಲಿಲ್ಲ, ನಾನೇ ಹೋಗಿ ಏಳೂ ಮೊಟ್ಟೆಗಳನ್ನು ಬೂದಿ ಹಾಕಿ ಉಜ್ಜಿದೆ, ಬಾವಿಯ ತಣ್ಣೀರಲ್ಲಿ ಮುಳುಗಿಸಿದೆ, ಹಸಿಯಾಗಿಯೇ ಗಡಿಗೆಗೆ ತುಂಬಿ ಬಾಯಿ ಕಟ್ಟಿದೆ. ಏನೋ ಪುಣ್ಯದ ಕೆಲಸ ಮಾಡಿದಂತೆ ಸಮಾಧಾನವಾಯಿತು.

ತಿಥಿ ಮುಗಿಯುವ ತನಕ ಮಗಳಿಗೆ ಮೊಟ್ಟೆ ಕೊಡಲಿಲ್ಲ, ಮೊಟ್ಟೆಯಮ್ಮನಿಗೂ ಆ ವಾರ ಬರಬೇಡವೆಂದಿದ್ದೆ. ಗಡಿಬಿಡಿಯೆಲ್ಲ ಮುಗಿದು ವಾರದ ಮೇಲೆ ಒಂದನ್ನು ತೆಗೆದು, ಸೆರಗಿನಿಂದ ಮೂಗು ಮುಚ್ಚಿ, ನೇರ ಬಿಸಿ ಹಾಲಿಗೇ ಒಡೆದೆ. ನಾತ ಬಂತು, ನಿಜ. ಆದರೆ ನಮ್ಮಂಥವರಿಗೆ ಒಳ್ಳೆಯ ಮೊಟ್ಟೆಯೂ ನಾತವೇ. ಮಗು ಬೇಡವೆಂದು ಅತ್ತರೂ ಗದರಿಸಿ ಕುಡಿಸಿದೆ. ಎರಡು ದಿನ ವಾಂತಿ, ಭೇದಿ. ಮಗು ಕೈತಪ್ಪಿತೆಂದೇ ತಿಳಿದಿದ್ದೆ. ಮೂರನೆಯ ದಿನ ಕಣ್ಣು ಬಿಟ್ಟಿತು.

ಆ ದಿನವೇ ಮೊಟ್ಟೆಯಮ್ಮ ಬಂದಳು. ಅತ್ತೆ ಬೀದಿಗೇ ಇಳಿದರು. “ಕೊಳೆತ ಮೊಟ್ಟೆ ಕೊಟ್ಟು ಮಗೂನ ಕೊಲ್ಲೂಕೆ ಬಂದ್ಯಾ?” ಜನ ಸೇರಿದರು. ಉಳಿದ ಮೊಟ್ಟೆಗಳ ಗಡಿಗೆಯನ್ನು ನಾನೇ ತಂದು ಅವಳ ಮುಂದಿಟ್ಟೆ. ಅವಳು ಒಂದನ್ನೆತ್ತಿ ಚಿಪ್ಪಿನ ಮೇಲೆ ಹೆಬ್ಬೆರಳು ಆಡಿಸಿದಳು. ಆಮೇಲೆ ನನ್ನನ್ನು ನೋಡಿ ಮೆತ್ತಗೆ ಕೇಳಿದಳು.

“ಅಮ್ಮಾ, ತೊಳ್ದಿಟ್ರಾ?”

“ಇಲ್ಲ” ಎಂದೆ.

ಮೊಟ್ಟೆಯಮ್ಮ ಕೈಯಲ್ಲಿದ್ದ ಮೊಟ್ಟೆಯನ್ನು ಬುಟ್ಟಿಯ ಹೊಟ್ಟಿನಲ್ಲಿಟ್ಟಳು. ಗಡಿಗೆಯಲ್ಲಿದ್ದವನ್ನೂ ಬುಟ್ಟಿಗೆ ಹಾಕಿಕೊಂಡು ಹೊರಟುಹೋದಳು. ಡಾಕ್ಟರ ಮನೆಯವರು ಕೊಳ್ಳುವುದು ಬಿಟ್ಟರು, ಬಂಗಲೆಯವರೂ ಬಿಟ್ಟರು. ಕೋಳಿಗಳನ್ನೂ ಮಾರಿದಳಂತೆ.

ಮರುವರ್ಷ ನಗರದ ದಾರಿಯಲ್ಲಿ ಸೌದೆಹೊರೆ ಹೊತ್ತು ಎದುರಾದಳು. ನಾನು ತಲೆ ತಗ್ಗಿಸಿದೆ.

“ಪುಟ್ಟಿ ಹ್ಯಾಗಿದಾಳೆ?” ಎಂದಳು.

ನನಗೆ ಅಳು ಬಂತು. “ನಾನು ಅವತ್ತು...” ಎಂದು ತೊದಲಿದೆ.

“ಗೊತ್ತು ಬಿಡಿ. ಚಿಪ್ಪಿನ ಮೇಲೆ ಬೂದಿ ಗೆರೆ ಇತ್ತು. ಅಲ್ಲೇ ತೋರ್ಸಿದ್ರೆ ನಿಮ್ಮತ್ತೆ ನಿಮ್ಮನ್ನ ಬಿಡ್ತಿದ್ರಾ? ಮಗು ಉಳೀತಲ್ಲ, ಸಾಕು.”

ಆ ಮಾತನ್ನು ಕ್ಷಮೆಯೆಂದು ತಿಳಿದು ಹಗುರಾಗಿ ಮನೆಗೆ ಬಂದೆ. ಎಷ್ಟು ಸ್ವಾರ್ಥಿ ನಾನು! ಬೀದಿಯಲ್ಲಿ ಹೋದ ಅವಳ ಮರ್ಯಾದೆಯನ್ನು ಬೀದಿಯಲ್ಲೇ ನಿಂತು ವಾಪಸು ಕೊಡಬೇಕಿತ್ತು. ನಾಳೆ ಹೇಳಿದರಾಯಿತು, ಹಬ್ಬ ಕಳೆಯಲಿ, ಅತ್ತೆಯ ಮೈ ಸರಿಯಾಗಲಿ ಎಂದು ಮುಂದೂಡುತ್ತಲೇ ಹೋದೆ.

ಅವಳು ತೀರಿಕೊಂಡ ಸುದ್ದಿ ಬಾವಿಕಟ್ಟೆಯಲ್ಲಿ ಬಂತು. “ಅದೇ, ಕೊಳೆತ ಮೊಟ್ಟೆ ಮಾರ್ತಿದ್ಲಲ್ಲ, ಆ ಮುದುಕಿ ಹೋದ್ಲಂತೆ” ಎಂದಳು ನೆರೆಮನೆಯಾಕೆ. ನಾನು ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡು ಒಳಗೆ ಬಂದೆ.

ಅವಳು ಕೊಟ್ಟ ಒಂದು ಮೊಟ್ಟೆಯೂ ಕೊಳೆತಿರಲಿಲ್ಲ. ತೊಳೆದವಳು ನಾನು.